ಆಸ್ಪತ್ರೆ ಸಿಬ್ಬಂದಿಗೆ ಹೆಪಟೈಟಿಸ್-ಬಿ ಸೋಂಕಿನಿಂದ ರಕ್ಷಣೆ ಕೋರಿ ಮನವಿ ಪತ್ರ

ಗೆ,
ಮಾನ್ಯ ಜಿಲ್ಲಾಧಿಕಾರಿಗಳು ಹಾಗೂ ಅಧ್ಯಕ್ಷರು,
ಜೀವವೈದ್ಯಕೀಯ ತ್ಯಾಜ್ಯ ನಿರ್ವಹಣೆಯ ಜಿಲ್ಲಾ ಮಟ್ಟದ ಉಸ್ತುವಾರಿ ಸಮಿತಿ, ಧಾರವಾಡ.

ಇಂದ,
ಹುಬ್ಬಳ್ಳಿ-ಧಾರವಾಡದ ಆಸ್ಪತ್ರೆಗಳ ನರ್ಸ್‌ಗಳು, ಲ್ಯಾಬ್ ತಂತ್ರಜ್ಞರು, ಗ್ರೂಪ್ ಡಿ ಹಾಗೂ ಹೊರಗುತ್ತಿಗೆ ಸ್ವಚ್ಛತಾ ಸಿಬ್ಬಂದಿ.

ಮಾನ್ಯರೇ,

ಗದಗ, ಹಾವೇರಿ, ಉತ್ತರ ಕನ್ನಡದ ಬಡ ರೋಗಿಗಳು ದೊಡ್ಡ ಕಾಯಿಲೆ ಬಂದಾಗ ನಂಬಿ ಬರುವುದು ನಮ್ಮ ಅವಳಿ ನಗರಕ್ಕೆ. ಅಪಘಾತವಾಗಿ ಬಂದವರ ರಕ್ತದಲ್ಲಿ ಯಾವ ಸೋಂಕಿದೆ ಎಂದು ತಿಳಿಯುವ ಮೊದಲೇ ನಾವು ಸಲೈನ್ ಹಚ್ಚಬೇಕು, ಗಾಯ ಒರೆಸಬೇಕು. ಆ ಕೆಲಸಕ್ಕೆ ನಾವು ಎಂದೂ ಹಿಂಜರಿದಿಲ್ಲ.

ಆದರೆ ಸೋಂಕಿತರಿಗೆ ಬಳಸಿದ ಸೂಜಿ ಚುಚ್ಚಿದರೆ ಎಚ್‌ಐವಿ ತಗಲುವ ಸಾಧ್ಯತೆ ಸುಮಾರು ಶೇ 0.3, ಲಸಿಕೆ ಪಡೆಯದವರಿಗೆ ಹೆಪಟೈಟಿಸ್-ಬಿ ತಗಲುವ ಸಾಧ್ಯತೆ ಶೇ 6ರಿಂದ 30. ಒಣಗಿದ ರಕ್ತದಲ್ಲೂ ಹೆಪಟೈಟಿಸ್-ಬಿ ವೈರಾಣು ಕನಿಷ್ಠ 7 ದಿನ ಉಳಿಯುತ್ತದೆ. ಬಿಳಿ ಡಬ್ಬಿಗೆ ಹೋಗಬೇಕಾದ ಸೂಜಿ ಹಳದಿ ಚೀಲಕ್ಕೆ ಬಿದ್ದರೆ, ಮರುದಿನ ಆ ಚೀಲ ಎತ್ತುವ ಹೆಣ್ಣುಮಗಳ ಕೈಗೆ ಅದು ಚುಚ್ಚುತ್ತದೆ. ಎಲ್ಲರಿಗಿಂತ ಕಡಿಮೆ ಕೂಲಿಯೂ ಅವಳದೇ.

2016ರ ಜೀವವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳ 4ನೇ ನಿಯಮದಂತೆ, ತ್ಯಾಜ್ಯ ಮುಟ್ಟುವ ಪ್ರತಿಯೊಬ್ಬರಿಗೂ ಹೆಪಟೈಟಿಸ್-ಬಿ ಲಸಿಕೆ ಹಾಕಿಸುವುದು, ವರ್ಷಕ್ಕೊಮ್ಮೆಯಾದರೂ ಆರೋಗ್ಯ ತಪಾಸಣೆ ಮಾಡಿಸುವುದು ಆಸ್ಪತ್ರೆಯ ಹೊಣೆ. ಕಾಯಂ ನೌಕರರು, ಗುತ್ತಿಗೆ ನೌಕರರು ಎಂಬ ಭೇದ ಅಲ್ಲಿಲ್ಲ. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲೂ ಆರೋಗ್ಯ ಸಿಬ್ಬಂದಿಯ ಲಸಿಕೆ ಸೇರಿದೆ. ಆದರೂ ನಮ್ಮಲ್ಲಿ ಅನೇಕರಿಗೆ 3 ಡೋಸ್ ಪೂರ್ತಿಯಾಗಿಲ್ಲ. 6ನೇ ತಿಂಗಳ ಡೋಸ್ ಬರುವಷ್ಟರಲ್ಲಿ ಗುತ್ತಿಗೆದಾರರೇ ಬದಲಾಗಿರುತ್ತಾರೆ. ಆಮೇಲೆ ಆಸ್ಪತ್ರೆಯವರು ಗುತ್ತಿಗೆದಾರರ ಕಡೆ, ಗುತ್ತಿಗೆದಾರರು ಆಸ್ಪತ್ರೆಯ ಕಡೆ ಕೈ ತೋರಿಸುತ್ತಾರೆ.

ಆದ್ದರಿಂದ ಮೊದಲ ಬೇಡಿಕೆ: ಹೊರಗುತ್ತಿಗೆಯವರೂ ಸೇರಿ ಎಲ್ಲರಿಗೂ 3 ಡೋಸ್ ಉಚಿತವಾಗಿ ಪೂರ್ಣಗೊಳಿಸಬೇಕು. ಕೊನೆಯ ಡೋಸ್ ಆದ ಒಂದೆರಡು ತಿಂಗಳಲ್ಲಿ ರಕ್ತ ಪರೀಕ್ಷಿಸಿ, ರಕ್ಷಣೆ ಬಂದಿದೆಯೇ ನೋಡಬೇಕು. ಲಸಿಕೆಯ ಕಾರ್ಡ್ ನಮ್ಮ ಕೈಯಲ್ಲೇ ಇರಬೇಕು.

ಎರಡನೆಯದು ತುರ್ತಿನದು. ಸೂಜಿ ಚುಚ್ಚಿದ ಲಸಿಕೆರಹಿತರಿಗೆ ಹೆಪಟೈಟಿಸ್-ಬಿ ಇಮ್ಯುನೊಗ್ಲಾಬ್ಯುಲಿನ್ ಸಾಧ್ಯವಾದಷ್ಟು ಬೇಗ, 24 ಗಂಟೆಯೊಳಗೆ ಸಿಗಬೇಕು. ದುಬಾರಿ ಔಷಧ ಅದು, ಕೂಲಿಯವರು ಕೊಳ್ಳಲಾರರು. ರಾತ್ರಿ ಪಾಳಿಯಲ್ಲೂ ಉಚಿತವಾಗಿ ಸಿಗುವಂತೆ ಅವಳಿ ನಗರದಲ್ಲಿ ಒಂದು ಕಡೆಯಾದರೂ ದಾಸ್ತಾನಿಡಿಸಬೇಕು.

ಮೂರನೆಯದು ಗಾಯದ ದಾಖಲೆ. ಸೂಜಿ ಚುಚ್ಚಿದ್ದನ್ನು ಹೇಳಿದರೆ ಕೆಲಸ ಹೋದೀತೆಂದು ಮುಚ್ಚಿಡುವವರೇ ಹೆಚ್ಚು. 2020ರ ಸಾಮಾಜಿಕ ಭದ್ರತಾ ಸಂಹಿತೆಯ 3ನೇ ಅನುಸೂಚಿ, ಆಸ್ಪತ್ರೆ ಮತ್ತು ಪ್ರಯೋಗಾಲಯದ ಕೆಲಸದಲ್ಲಿ ತಗಲುವ ಸೋಂಕನ್ನು ವೃತ್ತಿಜನ್ಯ ರೋಗವೆಂದು ಒಪ್ಪುತ್ತದೆ. ಆದರೆ ಅಂದು ರಿಜಿಸ್ಟರ್‌ನಲ್ಲಿ ಬರೆಯದ ಗಾಯಕ್ಕೆ ನಾಳೆ ಪುರಾವೆ ಎಲ್ಲಿಂದ ತರುವುದು? ಪ್ರತಿ ವಾರ್ಡಿನಲ್ಲೂ ರಿಜಿಸ್ಟರ್ ಇಡಿಸಿ, ಬರೆಸಿದವರ ಮೇಲೆ ಯಾವ ಕ್ರಮವೂ ಆಗದಂತೆ ಲಿಖಿತ ಆದೇಶ ಹೊರಡಿಸಬೇಕು. ಸೋಂಕಾದವರನ್ನು ಕೆಲಸದಿಂದ ತೆಗೆಯಬಾರದು.

ತಮ್ಮ ಸಮಿತಿ 6 ತಿಂಗಳಿಗೊಮ್ಮೆ ರಾಜ್ಯ ಸಲಹಾ ಸಮಿತಿಗೆ ಕಳಿಸುವ ವರದಿಯಲ್ಲಿ ಪ್ರತಿ ಆಸ್ಪತ್ರೆಯ ಲಸಿಕೆ ವಿವರ ಸೇರಿಸಬೇಕು. ಮುಂದಿನ ಸಭೆಗೆ ನಮ್ಮ ಪ್ರತಿನಿಧಿಗಳನ್ನು ಕರೆದು, ದಿನಾಂಕವನ್ನು ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಸಹಿ ಮಾಡಿದ ಸಿಬ್ಬಂದಿ