ವಿದ್ಯುದ್ವಾದ್ಯವೂ ಮನೆಯ ವೀಣೆಯೂ

ಒಂಟಿಕೊಪ್ಪಲಿನ ಗೃಹಸ್ಥರೊಬ್ಬರು ಕಳೆದ ತಿಂಗಳು ನನಗೊಂದು ದೀರ್ಘವಾದ ಪತ್ರವನ್ನು ಬರೆದಿದ್ದಾರೆ. ಅವರ ಮಗನು ಎಂಜಿನಿಯರಿಂಗ್ ಓದುತ್ತಿರುವ ತರುಣ. ಮೂವರು ಗೆಳೆಯರನ್ನು ಕೂಡಿಸಿಕೊಂಡು ಒಂದು ವಾದ್ಯತಂಡವನ್ನು ಕಟ್ಟಿದ್ದಾನೆ. ಗಿಟಾರು ಡ್ರಮ್ಮುಗಳು ಅದರಲ್ಲಿ ಇಲ್ಲದಿಲ್ಲ. ಆದರೆ ಅವೆಲ್ಲ ಪರಿವಾರದೇವತೆಗಳು. ಗರ್ಭಗುಡಿಯಲ್ಲಿ ನೆಲಸಿರುವುದು ಸಿಂಥಸೈಜರ್ ಎಂಬ ವಿದ್ಯುದ್ಯಂತ್ರ. ಅದೂ ಗಣಕಯಂತ್ರದ ಜಾತಿಯದಲ್ಲ, ಅನಲಾಗ್ ಎಂದು ಕರೆಯುವ ಹಳೆಯ ಬಗೆಯದು. ಇಷ್ಟೇ ಆಗಿದ್ದರೆ ತಂದೆಯವರು ಸುಮ್ಮನಿರುತ್ತಿದ್ದರು. ಎರವಲು ತಂದ ಯಂತ್ರ ಸಾಲದು, ಸ್ವಂತದ್ದು ಬೇಕು, ಅದಕ್ಕಾಗಿ ಅಟ್ಟದ ಮೇಲೆ ಹನ್ನೆರಡು ವರ್ಷಗಳಿಂದ ಗವಸಿನೊಳಗೆ ಮಲಗಿರುವ ಅಜ್ಜಿಯ ವೀಣೆಯನ್ನು ಮಾರಿಬಿಡೋಣ ಎಂದು ಮಗನ ಸೂಚನೆ. ಯಾರೂ ಮುಟ್ಟದ ವಾದ್ಯ ವಾದ್ಯವೇ ಅಲ್ಲವೆಂದು ಅವನ ವಾದ. ತಂತಿಯೂ ಇಲ್ಲದ, ಉಸಿರೂ ಇಲ್ಲದ ಡಬ್ಬಿ ವಾದ್ಯವೆನಿಸುವುದು ಹೇಗೆಂದು ತಂದೆಯ ವಾದ. ತಾಯಿಯವರು ಇಬ್ಬರಿಗೂ ಬಡಿಸಿ ಮೌನವಾಗಿದ್ದಾರೆ. ತೀರ್ಪನ್ನು ನಾನು ಹೇಳಬೇಕಂತೆ.

ತೀರ್ಪಿಗೆ ಮುಂಚೆ ವಸ್ತುವಿನ ವಿಚಾರ. ಅನಲಾಗ್ ಸಿಂಥಸೈಜರಿನಲ್ಲಿ ಮೊದಲು ಒಂದು ಆಂದೋಲಕವಿರುತ್ತದೆ. ಅದು ವಿದ್ಯುತ್ತನ್ನು ಸೆಕೆಂಡಿಗೆ ನೂರಾರು ಬಾರಿ ಏರಿಳಿಸುತ್ತದೆ. ಆ ಏರಿಳಿತದ ಆಕಾರ ಗರಗಸದ ಹಲ್ಲಿನಂತಿದ್ದರೆ ಮೂಲಸ್ವರದೊಡನೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಕಂಪನವುಳ್ಳ ಉಪಸ್ವರಗಳೆಲ್ಲವೂ ಸೇರಿ ಕರ್ಕಶವಾದ, ತುಂಬಿದ ಧ್ವನಿ ಹುಟ್ಟುತ್ತದೆ. ಈ ಧ್ವನಿಯನ್ನು ಫಿಲ್ಟರ್ ಎಂಬ ಜಾಲರಿಯಲ್ಲಿ ಸೋಸಿ, ಬೇಡವಾದ ಉಪಸ್ವರಗಳನ್ನು ತೆಗೆಯುತ್ತಾರೆ. ಶಿಲ್ಪಿಯು ಕಲ್ಲಿನಿಂದ ಬೇಡದುದನ್ನು ಕೆತ್ತಿ ಹಾಕಿ ಮೂರ್ತಿಯನ್ನು ಉಳಿಸಿಕೊಳ್ಳುವ ಕ್ರಮವೇ ಇದು. ತಂಬೂರಿಯ ಕುದುರೆಯ ಮೇಲೆ ತಂತಿಯ ಕೆಳಗೆ ನೂಲಿನೆಳೆಯನ್ನು ಕೂದಲಷ್ಟು ಜರುಗಿಸಿದರೆ ನಾದ ಅರಳುವುದನ್ನು ಕೇಳಿದವರಿಗೆ, ಫಿಲ್ಟರಿನ ತಿರುಪನ್ನು ಮೆಲ್ಲನೆ ತಿರುಗಿಸಿದಾಗ ಆಗತಕ್ಕ ಬದಲಾವಣೆ ಅಪರಿಚಿತವಾಗಿ ತೋರದು.

ಇನ್ನು ಸ್ವರದ ಎತ್ತರ. ಇದನ್ನು ನಿರ್ಣಯಿಸುವುದು ವೋಲ್ಟು. ಒಂದು ವೋಲ್ಟು ಹೆಚ್ಚಿಸಿದರೆ ಕಂಪನಸಂಖ್ಯೆ ಇಮ್ಮಡಿಯಾಗಿ ಸ್ವರವು ಒಂದು ಸ್ಥಾಯಿ ಮೇಲೇರುತ್ತದೆ. ಒಂದು ಸ್ಥಾಯಿಗೆ ಹನ್ನೆರಡು ಸ್ವರಸ್ಥಾನಗಳಾದುದರಿಂದ, ಷಡ್ಜದಿಂದ ಶುದ್ಧ ಋಷಭಕ್ಕೆ ಹೋಗಲು ವೋಲ್ಟಿನ ಹನ್ನೆರಡನೆಯ ಒಂದು ಪಾಲು ಸಾಕು. ಇಷ್ಟು ಸೂಕ್ಷ್ಮವಾದ ಲೆಕ್ಕವು ಸೆಕೆಯಲ್ಲಿ ಕದಲದೆ ಇದ್ದೀತೆ? ಹಳೆಯ ಯಂತ್ರಗಳು ಬಿಸಿಯೇರಿದಂತೆ ಶ್ರುತಿ ತಪ್ಪುತ್ತವೆ. ನುಡಿಸುವವನು ಮೊದಲೇ ಯಂತ್ರವನ್ನು ಹಚ್ಚಿಟ್ಟು, ಅದು ಬೆಚ್ಚಗಾಗುವವರೆಗೆ ಕಾದು, ಬಳಿಕ ಶ್ರುತಿ ಕೂಡಿಸಿಕೊಳ್ಳಬೇಕು. ಕಛೇರಿಯ ನಡುವೆ ಮತ್ತೊಮ್ಮೆ ಕೂಡಿಸಬೇಕು. ವೈಣಿಕರು ಬಿರಡೆಗಳನ್ನು ತಿರುವುತ್ತ ಸಭಿಕರನ್ನು ಕಾಯಿಸುವುದನ್ನು ಕಂಡ ನಮಗೆ ಇದು ಹೊಸದೇನೂ ಅಲ್ಲ.

ಶಾಸ್ತ್ರದಲ್ಲಿ ಇದಕ್ಕೆ ಸ್ಥಾನವೆಲ್ಲಿ ಎಂಬುದು ನನಗೆ ವಿನೋದವನ್ನುಂಟುಮಾಡಿದ ಪ್ರಶ್ನೆ. ಭರತನ ನಾಟ್ಯಶಾಸ್ತ್ರವು ವಾದ್ಯಗಳನ್ನು ತತ, ಸುಷಿರ, ಅವನದ್ಧ, ಘನ ಎಂದು ನಾಲ್ಕಾಗಿ ವಿಂಗಡಿಸಿದೆ. ತಂತಿಯಿಲ್ಲದುದರಿಂದ ಇದು ತತವಲ್ಲ, ಊದುವುದಿಲ್ಲವಾದುದರಿಂದ ಸುಷಿರವಲ್ಲ. ಆಹತನಾದವೆಂದರೆ ತಾಡನದಿಂದ ಹುಟ್ಟಿದ್ದು; ಯಂತ್ರದ ಒಡಲೊಳಗೆ ತಾಡನವೆಂಬುದೇ ಇಲ್ಲ. ಹಾಗೆಂದು ಅನಾಹತವೆನ್ನೋಣವೆಂದರೆ, ಯೋಗಿಗಳು ಹೃದಯದಲ್ಲಿ ಕೇಳುವ ನಾದವನ್ನು ಕಾಲೇಜಿನ ಹುಡುಗರು ಪ್ಲಗ್ಗು ಚುಚ್ಚಿ ಕೇಳಿದಂತಾದೀತು! ಕೊನೆಗೆ ಗಾಳಿಯನ್ನು ಕದಲಿಸುವುದು ಧ್ವನಿವರ್ಧಕದೊಳಗಿನ ಕಾಗದದ ಪೊರೆ. ಮೃದಂಗದ ಚರ್ಮಕ್ಕೆ ದೂರದ ನಂಟನೆಂದು ಹೇಳಿ ಅವನದ್ಧದ ಪಂಕ್ತಿಯ ಕೊನೆಯಲ್ಲಿ ಒಂದು ಮಣೆ ಹಾಕಬಹುದು. ಭರತನು ಕೋಪಿಸಿಕೊಳ್ಳಲಾರನು.

ತಂದೆಯವರ ನಿಜವಾದ ಆಕ್ಷೇಪ ಬೇರೆ. ಬಿಳಿಯ ಕರಿಯ ಮನೆಗಳುಳ್ಳ ವಾದ್ಯದಲ್ಲಿ ಗಮಕವೆಲ್ಲಿಂದ ಬಂದೀತು ಎಂದು ಅವರು ಕೇಳುತ್ತಾರೆ. ಇದು ಘನವಾದ ಆಕ್ಷೇಪ; ದೊಡ್ಡವರ ಬೆಂಬಲವೂ ಇದಕ್ಕಿತ್ತು. ಇದೇ ಕಾರಣದಿಂದ ಹಾರ್ಮೋನಿಯಮ್ಮಿಗೆ 1940ರಲ್ಲಿ ಅಖಿಲ ಭಾರತ ರೇಡಿಯೋದಲ್ಲಿ ಬಹಿಷ್ಕಾರವಾಯಿತು. ಅದು ಸಡಿಲವಾದುದು 1971ರಲ್ಲಿ. (ಆ ಸಂಸ್ಥೆ ಆಮೇಲೆ ಧರಿಸಿದ ಆಕಾಶವಾಣಿಯೆಂಬ ಹೆಸರು ನಮ್ಮ ಊರಿನದು, ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿ ಆರಂಭಿಸಿದ ಬಾನುಲಿ ನಿಲಯದ ಹೆಸರು.) ಹಾರ್ಮೋನಿಯಮ್ಮಿನಲ್ಲಿ ಗಾಂಧಾರದ ಮನೆಯಿಂದ ಮಧ್ಯಮದ ಮನೆಗೆ ನೆಗೆಯಬೇಕೇ ಹೊರತು ಜಾರಲು ಬಾರದು.

ಆದರೆ ವೀಣೆಗೂ 24 ಮೆಟ್ಟಿಲುಗಳಿವೆಯಲ್ಲವೆ? ಮೇಣದಲ್ಲಿ ಕೂರಿಸಿದ ಆ ಮೆಟ್ಟಿಲುಗಳೂ ಅಚಲವಾದುವೇ. ಗಮಕ ಹುಟ್ಟುವುದು ಮೆಟ್ಟಿಲಿನಿಂದಲ್ಲ, ಅದರ ಮೇಲೆ ತಂತಿಯನ್ನು ಎಳೆಯುವ ಬೆರಳಿನಿಂದ. ಅಮೆರಿಕದ ರಾಬರ್ಟ್ ಮೂಗ್ ಎಂಬಾತನು 1964ರಲ್ಲಿ ತನ್ನ ಮೊದಲ ಸಿಂಥಸೈಜರನ್ನು ಪ್ರದರ್ಶಿಸಿದನು. 1970ರಲ್ಲಿ ಅವನ ಸಂಸ್ಥೆಯಿಂದ ಮಿನಿಮೂಗ್ ಎಂಬ ಚಿಕ್ಕ ವಾದ್ಯ ಹೊರಬಂತು. ಅದರಲ್ಲಿ ಮನೆಗಳ ಎಡಗಡೆ ಒಂದು ಗಾಲಿಯಿದೆ. ಬಲಗೈ ಮನೆಯನ್ನು ಒತ್ತಿರುವಾಗ ಎಡಗೈ ಗಾಲಿಯನ್ನು ಉರುಳಿಸಿದರೆ ಸ್ವರವು ಬಾಗುತ್ತದೆ. ಒಂದು ಮನೆಯಿಂದ ಇನ್ನೊಂದಕ್ಕೆ ಜಾರುವಂತೆ ಮಾಡುವ ತಿರುಪೂ ಉಂಟು. ಒಂದು ಕಾಲಕ್ಕೆ ಒಂದೇ ಸ್ವರವನ್ನು ನುಡಿಯಬಲ್ಲ ವಾದ್ಯವದು. ಪಾಶ್ಚಾತ್ಯರಿಗೆ ಇದೊಂದು ಊನವಾಗಿ ಕಂಡಿತು. ರಾಗವನ್ನೇ ನೆಚ್ಚಿದ ನಮಗೆ ಊನವೇಕೆ? ಮುಂಬಯಿಯ ಚಲನಚಿತ್ರ ವಾದ್ಯಗೋಷ್ಠಿಯಲ್ಲಿದ್ದ ಚರಣ್‌ಜಿತ್ ಸಿಂಗ್ ಎಂಬವರು 1982ರಲ್ಲಿ ಭೈರವ್, ಮಾಲ್‌ಕೌಂಸ್ ಮೊದಲಾದ ಹತ್ತು ರಾಗಗಳನ್ನು ಇಂತಹ ಯಂತ್ರಗಳಲ್ಲೇ ನುಡಿಸಿ ಮುದ್ರಿಸಿದರು. ಆಗ ಕೊಳ್ಳುವವರಿರಲಿಲ್ಲ. 2010ರಲ್ಲಿ ಮರುಮುದ್ರಣವಾದ ಮೇಲೆ ಯುರೋಪಿನವರು ಅದನ್ನು ಹುಡುಕಿಕೊಂಡು ಬಂದರು. ಅದರ ತಾಳದ ಕುಟ್ಟುವಿಕೆ ನನಗೆ ಸೇರುವುದಿಲ್ಲ. ಜಾರುಗಳು ಮಾತ್ರ ಅಲ್ಲಲ್ಲಿ ತಲೆದೂಗಿಸುತ್ತವೆ.

ಈ ಹುಡುಗರಿಗೆ ಹಳೆಯ ಯಂತ್ರದ ಮೇಲೆ ಮೋಹವೇಕೆಂದರೆ, ಅದಕ್ಕೊಂದು ಕಥೆಯಿದೆ. 1983ರಲ್ಲಿ ಜಪಾನಿನ ಯಮಾಹಾ ಸಂಸ್ಥೆಯ ಡಿಎಕ್ಸ್7 ಎಂಬ ಅಂಕೀಯ ವಾದ್ಯ ಬಂತು. ಅದು ಶ್ರುತಿ ತಪ್ಪುವುದಿಲ್ಲ, ಹದಿನಾರು ಸ್ವರಗಳನ್ನು ಒಟ್ಟಿಗೆ ನುಡಿಯುತ್ತದೆ, ಗುಂಡಿಯೊತ್ತಿದರೆ ಸಿದ್ಧಪಡಿಸಿದ ಧ್ವನಿಯನ್ನು ಬಡಿಸುತ್ತದೆ. ಅನಲಾಗ್ ಯಂತ್ರಗಳು ಮೂಲೆ ಸೇರಿ ಅಗ್ಗವಾದವು. ಕೈಯಲ್ಲಿ ಹಣವಿಲ್ಲದ ತರುಣರು ಅವನ್ನೇ ಕೊಂಡರು. ಲಂಡನಿನಲ್ಲಿ 1990ರಲ್ಲಿ ಟಿಮ್ ಗೇನ್, ಲೆಟೀಶಿಯಾ ಸಾದಿಯೇ ಎಂಬಿಬ್ಬರು ಕಟ್ಟಿದ ಸ್ಟೀರಿಯೋಲ್ಯಾಬ್ ತಂಡ ಇಂಥದು. ಹಳೆಯ ಮೂಗ್ ಯಂತ್ರ, ಹಳೆಯ ವಿದ್ಯುತ್ ಆರ್ಗನ್, ಫ್ರೆಂಚರ ಹಾಡುಗಬ್ಬ, ಬ್ರೆಜಿಲಿನ ಲಯ, ಜರ್ಮನರ ರಾಕ್, ಎಲ್ಲವನ್ನೂ ಕಲಸಿ, ಒಂದೇ ಸ್ವರವನ್ನು ತಂಬೂರಿಯಂತೆ ಬಹಳ ಹೊತ್ತು ಹಿಡಿದು ಅದರ ಮೇಲೆ ಹಾಡುವುದು ಅವರ ರೀತಿ. 2009ರಲ್ಲಿ ವಿರಮಿಸಿದ ಆ ತಂಡ 2019ರಲ್ಲಿ ಮತ್ತೆ ವೇದಿಕೆಯೇರಿತು. ದೊಡ್ಡ ವ್ಯಾಪಾರಿಗಳ ಹಂಗಿಲ್ಲದೆ ನಡೆಯುವ ಇಂಥವರ ಸಂಗೀತವನ್ನು ಇಂಡಿ ಎನ್ನುತ್ತಾರೆ. ಇಂಡಿಪೆಂಡೆಂಟ್ ಎಂಬುದರ ಮೊಟಕು. ಪತ್ರ ಬರೆದವರ ಮಗನಿಗೆ ಇವರೇ ಆದರ್ಶವಂತೆ.

ನಮ್ಮ ಕಡೆ ಅದೇ ಕಾಲದಲ್ಲಿ ಆದದ್ದೇನು? ಗಣಪತಿಯ ಪೆಂಡಾಲುಗಳ ಆರ್ಕೆಸ್ಟ್ರಾಗಳಲ್ಲಿ ಕೊಳಲು, ಸಿತಾರು, ಪಿಟೀಲು ನುಡಿಸುವವರ ಕುರ್ಚಿಗಳು ಒಂದೊಂದಾಗಿ ಖಾಲಿಯಾಗಿ, ಒಬ್ಬ ಕೀಬೋರ್ಡಿನವನು ಉಳಿದನು. ಗುಂಡಿಯೊತ್ತಿದರೆ ಕೊಳಲು, ಮತ್ತೊಂದು ಒತ್ತಿದರೆ ಪಿಟೀಲು! ಈ ನಟನೆಯನ್ನು ನಾನು ಒಪ್ಪಲಾರೆ. ಅನಲಾಗ್ ಯಂತ್ರದ ಒಂದು ಗುಣವೆಂದರೆ, ಅದಕ್ಕೆ ಕೊಳಲಿನ ವೇಷ ಹಾಕಲು ಬಾರದು. ತನ್ನ ಧ್ವನಿಯಲ್ಲೇ ಮಾತನಾಡಬೇಕು. ಆ ಧ್ವನಿಯನ್ನು ನುಡಿಸುವವನೇ ತಿರುಪು ತಿರುಪಾಗಿ ಹುಡುಕಬೇಕು.

ಹೇಳಲೇಬೇಕಾದ ಇನ್ನೊಂದು ಸಂಗತಿಯುಂಟು. ಅದು ಶ್ರುತಿಪ್ರಿಯರಾದ ಹಿರಿಯರಿಗೆ ಅಷ್ಟು ಹಿತವಾಗದು. ವಿದ್ಯುತ್ತಿನ ನಾದವು ಈ ಹುಡುಗರೊಡನೆ ಮನೆಯೊಳಗೆ ಬಂದುದಲ್ಲ. ಬೆಂಗಳೂರಿನ ಜಿ. ರಾಜನಾರಾಯಣ್ ಅವರು, ಕೊಳಲು ಬಲ್ಲ ಎಂಜಿನಿಯರು, 1979ರ ಸುಮಾರಿಗೆ ವಿದ್ಯುತ್ ಶ್ರುತಿಪೆಟ್ಟಿಗೆಯನ್ನು ರೂಪಿಸಿದರು. ಬಳಿಕ ವಿದ್ಯುತ್ ತಂಬೂರಿಯೂ ಬಂತು. ಇಂದು ಸಂಗೀತ ಪಾಠವಾಗುವ ಯಾವ ಮನೆಯಲ್ಲಿ ಅದಿಲ್ಲ? ಉಪಕಾರವೇ ಆಯಿತು, ಸಂದೇಹವಿಲ್ಲ. ತಂಬೂರಿಯನ್ನು ಹೊತ್ತು ಬಸ್ಸು ಹತ್ತುವ ಕಷ್ಟ ತಪ್ಪಿತು. ಆದರೆ ನಾಲ್ಕು ತಂತಿಗಳನ್ನು ಕಿವಿಯಿಂದ ಅಳೆದು ಕೂಡಿಸತಕ್ಕ ಅಭ್ಯಾಸವೂ ತಪ್ಪಿತು. ಎಂಟು ವರ್ಷ ಸಂಗೀತ ಕಲಿತು, ಒಂದು ತಂತಿಯನ್ನೂ ಪಂಚಮಕ್ಕೆ ಕೂಡಿಸಲರಿಯದ ಮಕ್ಕಳನ್ನು ನಾನು ಕಂಡಿದ್ದೇನೆ. ಶ್ರುತಿ ತಪ್ಪುವ ಯಂತ್ರವನ್ನು ದಿನವೂ ಕೂಡಿಸುವ ಹುಡುಗನ ಕಿವಿ ಅವರ ಕಿವಿಗಿಂತ ಹರಿತವಾಗಿದ್ದೀತು.

ಮೈಸೂರಿನಂಥ ಊರಿನಲ್ಲಿ ಇದೆಲ್ಲ ಸಲ್ಲುವುದೇ ಎಂದು ಪತ್ರದಲ್ಲಿ ಕೇಳಿದೆ. ವೀಣೆ ಶೇಷಣ್ಣನವರು ಪಿಯಾನೋ ನುಡಿಸುತ್ತಿದ್ದ ಊರು ಇದು. ಧ್ವನಿವರ್ಧಕವಿಲ್ಲದ ಕಾಲದಲ್ಲಿ ನಾದ ಹಿಂದಿನ ಸಾಲಿಗೂ ಮುಟ್ಟಲೆಂದು ಚೌಡಯ್ಯನವರು ಪರದೇಶದ ಪಿಟೀಲಿಗೆ ಏಳು ತಂತಿ ಕಟ್ಟಿದರು. ಶ್ರೀವಿದ್ಯಾ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದ ಜಯಚಾಮರಾಜ ಒಡೆಯರೇ ರಷ್ಯದ ಮೆಡ್ಟ್‌ನರನ ಕೃತಿಗಳ ಮುದ್ರಣಕ್ಕೆ ಹಣವಿತ್ತರು. ರಿಚರ್ಡ್ ಸ್ಟ್ರಾಸನ ಕಡೆಯ ನಾಲ್ಕು ಗೀತೆಗಳು 1950ರ ಮೇ 22ರಂದು ಲಂಡನಿನಲ್ಲಿ ಮೊದಲು ಕೇಳಿಬಂದುದೂ ಅವರ ದ್ರವ್ಯದಿಂದಲೇ. ನಮ್ಮ ಕಾಲದಲ್ಲೂ, ಈ ಊರಿನಲ್ಲಿ ಬೆಳೆದು, ಭರತನಾಟ್ಯವನ್ನು ಅಭ್ಯಸಿಸಿ, ಸೂಕ್ಷ್ಮಜೀವಿಶಾಸ್ತ್ರದಲ್ಲಿ ಚಿನ್ನದ ಪದಕ ಪಡೆದ ರಘು ದೀಕ್ಷಿತರು ತಾವೇ ಗಿಟಾರು ಕಲಿತು, ಶಿಶುನಾಳ ಶರೀಫರ ಪದಗಳನ್ನು ರಾಕ್ ವಾದ್ಯಗಳೊಡನೆ ಪರದೇಶದ ವೇದಿಕೆಗಳಲ್ಲಿ ಹಾಡಿದ್ದಾರೆ. ಶರೀಫರ ಮಾತು ಅಲ್ಲಿ ಸ್ಪಷ್ಟವಾಗಿ ಕೇಳುತ್ತದೆ. ನನಗೆ ಅದು ಮುಖ್ಯ. ಪತ್ರದ ಜೊತೆ ಕಳುಹಿಸಿದ ಧ್ವನಿಮುದ್ರಿಕೆಯಲ್ಲಿ ಹುಡುಗರ ಸಾಹಿತ್ಯ ಒಂದಕ್ಷರವೂ ತಿಳಿಯಲಿಲ್ಲ. ಮಂದ್ರದಲ್ಲಿ ಯಂತ್ರವು ಹಿಡಿದ ಷಡ್ಜ ಮಾತ್ರ ಚೆನ್ನಾಗಿತ್ತು.

ಇನ್ನು ವೀಣೆ. ಅದನ್ನು ಮಾರಕೂಡದು. ಏಕಸ್ವರದ ಚಿಕ್ಕ ಅನಲಾಗ್ ಯಂತ್ರಗಳು ಈಗ ಲ್ಯಾಪ್‌ಟಾಪಿಗಿಂತ ಕಡಿಮೆ ಬೆಲೆಗೆ ದೊರೆಯುತ್ತವೆ. ಅರ್ಧ ಹಣವನ್ನು ತಂದೆಯವರು ಕೊಡಲಿ, ಉಳಿದರ್ಧವನ್ನು ಮಗ ಪಾಠ ಹೇಳಿಯೋ ಹಾಡಿಯೋ ಸಂಪಾದಿಸಲಿ. ರಾತ್ರಿ ಹತ್ತರ ಬಳಿಕ ಕಿವಿಗೆ ಹೆಡ್‌ಫೋನು ತೊಟ್ಟು ನುಡಿಸಲಿ. ಆದರೆ ಮಗನ ಮಾತಿನಲ್ಲಿಯೂ ಹುರುಳಿದೆ, ಯಜಮಾನರೇ. ಹನ್ನೆರಡು ವರ್ಷ ಮುಟ್ಟದೆ ಗವಸಿನಲ್ಲಿಟ್ಟವರು ತಾವೂ ಹೌದಷ್ಟೆ? ಅಟ್ಟದ ಬಿಸಿಗೆ ಮೇಣ ಸಡಿಲಿ ಮೆಟ್ಟಿಲುಗಳು ಸ್ಥಾನ ಬಿಟ್ಟಿರುತ್ತವೆ. ತಂತಿಗಳು ತುಕ್ಕು ಹಿಡಿದಿರುತ್ತವೆ. ಕುಶಲಕರ್ಮಿಯನ್ನು ಕರೆಸಿ ಹೊಸ ಮೇಣ ಕಟ್ಟಿಸಿರಿ. ಕಟ್ಟುವಾಗ ಮಗನು ಪಕ್ಕದಲ್ಲಿ ಕುಳಿತಿರಲಿ. ಒಂದೊಂದು ಮೆಟ್ಟಿಲನ್ನೂ ಕಿವಿಯ ಅಳತೆಯಿಂದ ಕೂರಿಸುವುದನ್ನು ನೋಡಿದರೆ ವೋಲ್ಟಿನ ಹನ್ನೆರಡನೆಯ ಪಾಲನ್ನು ಬಲ್ಲವನಿಗೆ ಬೇಸರವಾಗದು. ನಾಲ್ಕು ತಂತಿ, ಮೂರು ತಾಳದ ತಂತಿಗಳನ್ನು ಅವನೇ ಏರಿಸಿ ಶ್ರುತಿ ಮಾಡಲಿ. ಅದಾದ ದಿನ ತಾಯಿಯವರು ನನಗೊಂದು ಕಾಗದ ಬರೆಯಲಿ. ಅವರು ಅತ್ತೆಯವರಿಂದ ಸರಳೆ, ಅಲಂಕಾರಗಳನ್ನು ಕಲಿತಿದ್ದರೆಂದು ಪತ್ರದ ಅಂಚಿನಲ್ಲಿ ಸಣ್ಣದಾಗಿ ಬರೆದಿದೆ.