ಅಂಟಕ್ಕಿಯ ವಾಫಲ್

ಇಂಗಿನಲ್ಲಿ ಗೋಧಿ ಇರುತ್ತದೆ ಅಂತ ನನಗೆ ಗೊತ್ತಾಗಿದ್ದು ಮೂವತ್ತೈದನೇ ವಯಸ್ಸಿನಲ್ಲಿ. ಅಂಗಡಿಯಲ್ಲಿ ನಾವು ಕೊಳ್ಳುವ ಪುಡಿ ಇಂಗು ಬರೀ ಇಂಗಲ್ಲ. ಅದರ ಘಾಟು ತಗ್ಗಿಸಲು ಗೋಂದು, ಮೈದಾ ಅಥವಾ ಗೋಧಿ ಹಿಟ್ಟು ಬೆರೆಸಿರುತ್ತಾರೆ. ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದೂ ಇರುತ್ತಾರೆ. ಅದನ್ನು ಓದುವುದಕ್ಕೆ ನಮಗೇನೂ ಕಾರಣ ಇರಲಿಲ್ಲ, ಅಷ್ಟೆ. ಮಗಳಿಗೆ ಐದು ತುಂಬಿದ ವರ್ಷ ಕಾರಣ ಸಿಕ್ಕಿತು.

ತೂಕ ಏರುತ್ತಿರಲಿಲ್ಲ. ಯಾವಾಗಲೂ ಹೊಟ್ಟೆ ಉಬ್ಬರ. ರಕ್ತ ಕಡಿಮೆ ಇದೆ ಅಂತ ಕೊಟ್ಟ ಕಬ್ಬಿಣದ ಸಿರಪ್ಪು ಎಷ್ಟು ಕುಡಿಸಿದರೂ ನಾಟುತ್ತಿರಲಿಲ್ಲ. ಪುಣೆಯ ವೈದ್ಯರೊಬ್ಬರು ರಕ್ತಪರೀಕ್ಷೆ ಮಾಡಿಸಿದರು, ಆಮೇಲೆ ಎಂಡೋಸ್ಕೋಪಿ. ಸೀಲಿಯಾಕ್ ಕಾಯಿಲೆ ಎಂದರು. ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನು ಒಳಗೆ ಹೋದರೆ ದೇಹ ತನ್ನದೇ ಸಣ್ಣಕರುಳಿನ ಒಳಪದರದ ಮೇಲೆ ತಿರುಗಿಬೀಳುತ್ತದೆ. ಇದಕ್ಕೆ ಮಾತ್ರೆ ಇಲ್ಲ. ಜೀವನಪೂರ್ತಿ ಗ್ಲುಟೆನ್ ಮುಟ್ಟದಿರುವುದೇ ಚಿಕಿತ್ಸೆ.

ನಾವು ತೀರ್ಥಹಳ್ಳಿ ಕಡೆಯವರು. ಕಡುಬು, ಅಕ್ಕಿರೊಟ್ಟಿ, ನೀರುದೋಸೆ ತಿಂದು ಬೆಳೆದವರಿಗೆ ಗೋಧಿ ಬಿಡುವುದು ದೊಡ್ಡ ಮಾತೇ ಅಂತ ಮೊದಲು ಅಂದುಕೊಂಡೆವು. ಮನೆಯೊಳಗೆ ನಿಜವಾಗಿಯೂ ದೊಡ್ಡದಾಗಲಿಲ್ಲ. ಚಪಾತಿ ನಿಂತಿತು, ಇಂಗಿನ ಡಬ್ಬಿ ಬದಲಾಯಿತು, ಉಪ್ಪಿಟ್ಟು ಅಕ್ಕಿತರಿಯದಾಯಿತು. ಕಷ್ಟ ಇದ್ದದ್ದು ಹೊಸ್ತಿಲಿನ ಆಚೆ.

ಸ್ನೇಹಿತರ ಮನೆಯಲ್ಲಿ ಸತ್ಯನಾರಾಯಣ ಪೂಜೆ. ನಿಮಗೆ ಗೊತ್ತಲ್ಲ, ಪ್ರಸಾದ ಅಂದರೆ ಸಪಾದಭಕ್ಷ್ಯ, ತುಪ್ಪ ಜಿನುಗುವ ರವೆ ಸಜ್ಜಿಗೆ. ರವೆ ಅಂದರೆ ಗೋಧಿ. ಮಗಳು ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತಳು. ಹಿರಿಯರೊಬ್ಬರು, "ಪ್ರಸಾದಕ್ಕೆ ದೋಷ ಇರಲ್ಲಪ್ಪ, ಒಂದು ಚೂರು ಬಾಯಿಗಿಡು ಪುಟ್ಟಿ" ಅಂದರು. ಪ್ರೀತಿಯಿಂದಲೇ ಅಂದಿದ್ದು. ಈ ಕಾಯಿಲೆ ಉತ್ತರ ಭಾರತದಲ್ಲಿ ಹೆಚ್ಚು, ನಮ್ಮ ಕಡೆ ತೀರಾ ಅಪರೂಪ, ಹಾಗಾಗಿ ನಮ್ಮವರಲ್ಲಿ ಬಹಳ ಜನ ಹೆಸರನ್ನೇ ಕೇಳಿರುವುದಿಲ್ಲ. ಅವಳು ನನ್ನ ಮುಖ ನೋಡಿದಳು. ನಾನು ಬಾಳೆಹಣ್ಣು ಕೊಡಿ ಸಾಕು ಅಂದೆ. ಆವತ್ತು ಆ ಮನೆಯಿಂದ ಹೊರಟಾಗ ನನಗಿದ್ದ ಸಂಕೋಚ ಅವಳಿಗೂ ಅಂಟಿಕೊಂಡಿತು ಅಂತ ಈಗ ಅನ್ನಿಸುತ್ತದೆ. ಆಮೇಲೆ ಯಾರ ಮನೆಗೆ ಹೋದರೂ ಅವಳೇ ಮುಂಚಿತವಾಗಿ "ನಂಗೆ ಹಸಿವಿಲ್ಲ" ಅನ್ನತೊಡಗಿದಳು.

ಬರ್ತ್‌ಡೇ ಪಾರ್ಟಿಗಳಲ್ಲೂ ಅದೇ. ಕೇಕು, ಪಿಜ್ಜಾ, ಈಗೀಗ ನಮ್ಮ ವಾಕಡ್ ಕಡೆಯ ಸೊಸೈಟಿಗಳಲ್ಲಿ ವಾಫಲ್ ಕೌಂಟರ್. ಮಕ್ಕಳು ಸಾಲಾಗಿ ನಿಂತು ಚಾಕೊಲೇಟ್ ಸುರಿಸಿಕೊಳ್ಳುತ್ತಾರೆ. ಇವಳು ತನ್ನ ಡಬ್ಬಿಯ ಚಕ್ಕುಲಿ ಹಿಡಿದು ಪಕ್ಕದಲ್ಲಿ. ಒಂದು ಕೌಂಟರಿನ ಹುಡುಗ ಗ್ಲುಟೆನ್ ಫ್ರೀ ಹಿಟ್ಟೂ ಇದೆ ಅಂದ. ಖುಷಿಯಾಯಿತು. ನೋಡಿದರೆ ಹುಯ್ಯುವುದು ಅದೇ ಅಚ್ಚಿಗೆ, ಅದೇ ಸೌಟಿನಲ್ಲಿ. ನಮ್ಮ ಎಫ್‌ಎಸ್‌ಎಸ್‌ಎಐ ನಿಯಮದ ಪ್ರಕಾರ ಗ್ಲುಟೆನ್ ಫ್ರೀ ಅನ್ನಿಸಿಕೊಳ್ಳಲು ಒಂದು ಕೆ.ಜಿ. ಪದಾರ್ಥದಲ್ಲಿ ಗ್ಲುಟೆನ್ 20 ಮಿಲಿಗ್ರಾಂ ದಾಟಬಾರದು. ಅಚ್ಚಿನ ಗುಳಿಗಳಲ್ಲಿ ಕೂತಿದ್ದ ಮೈದಾ ಚೂರು ನೋಡಿಯೇ ನಾನು ಬೇಡ ಅಂದೆ. ಅವಳು ಕೇಳಿದ್ದು ಒಂದೇ, "ಮನೇಲಿ ಮಾಡಕ್ಕೆ ಬರತ್ತಾ ಅಪ್ಪಾ?"

ಅಕ್ಕಿಹಿಟ್ಟು ಇದೆ, ಬೇಕಿಂಗ್ ಪೌಡರ್ ಇದೆ, ಎಷ್ಟು ಹೊತ್ತಿನ ಕೆಲಸ ಅಂದುಕೊಂಡೆ. ಸೋನಾಮಸೂರಿ ಹಿಟ್ಟಿನ ಮೊದಲ ವಾಫಲ್ ನೋಡಲು ಚೆನ್ನಾಗಿತ್ತು. ಕಚ್ಚಿದರೆ ಮರಳು. ಕಾರ್ನ್‌ಫ್ಲೋರ್ ಸೇರಿಸಿದೆ, ರಾಗಿ ಸೇರಿಸಿದೆ, ಕಡಲೆಹಿಟ್ಟು ಹಾಕಿದ ದಿನ ಅದು ಬಜ್ಜಿಯ ನೆನಪು ತಂದಿತು. ಜಾಂಥನ್ ಗಮ್ ತರಿಸಿ ಹಾಕಿದೆ, ಒಂದು ಚಿಟಿಕೆ ಹೆಚ್ಚಾಗಿ ಲೋಳೆಯಾಯಿತು. ಮಗಳು ಯಾವುದನ್ನೂ ಚೆನ್ನಾಗಿಲ್ಲ ಅನ್ನಲಿಲ್ಲ. "ಪರವಾಗಿಲ್ಲ ಅಪ್ಪಾ" ಅಂದಳು. ಎಂಟು ವರ್ಷದ ಮಗು ಪರವಾಗಿಲ್ಲ ಅನ್ನಬಾರದು.

ದಾರಿ ಸಿಕ್ಕಿದ್ದು ಆಫೀಸಿನ ಕ್ಯಾಂಟೀನಿನಲ್ಲಿ. ನಮ್ಮ ಟೀಮಿನಲ್ಲಿ ಜೋರ್ಹಾಟಿನ ಹುಡುಗ ಒಬ್ಬನಿದ್ದಾನೆ. ಬಿಹು ಮುಗಿಸಿ ಊರಿಂದ ಬರುವಾಗ ತಿಲ್ ಪಿಠಾ ತಂದಿದ್ದ: ತೆಳ್ಳಗಿನ ಬಿಳಿ ಸುರುಳಿ, ಒಳಗೆ ಎಳ್ಳು ಬೆಲ್ಲ. ಗೋಧಿ ಇದೆಯಾ ಅಂತ ನನ್ನ ಮಾಮೂಲಿ ಪ್ರಶ್ನೆ ಕೇಳಿದೆ. ಇಲ್ಲ, ಬರೀ ಬೊರಾ ಚಾವಲ್ ಅಂದ. ಆ ಅಕ್ಕಿ ನೆನೆಸಿ, ಸೋಸಿ, ತೇವ ಇರುವಾಗಲೇ ಕುಟ್ಟಿ, ಆ ಹಿಟ್ಟನ್ನು ನೀರು ಕೂಡ ಹಾಕದೆ ಬಿಸಿ ಕಾವಲಿಯ ಮೇಲೆ ತೆಳ್ಳಗೆ ಉದುರಿಸುತ್ತಾರಂತೆ. ಕಾವು ತಾಗಿದ ಕೂಡಲೇ ಪುಡಿ ತಾನೇ ಒಂದಕ್ಕೊಂದು ಹಿಡಿದುಕೊಂಡು ಹಾಳೆಯಾಗುತ್ತದೆ. ನನ್ನ ಕೈಯಲ್ಲಿ ಗಮ್ ಸುರಿದರೂ ಒಂದಾಗದ ಹಿಟ್ಟು ಅಲ್ಲಿ ಏನೂ ಇಲ್ಲದೆ ಒಂದಾಗುತ್ತದೆ ಅಂದರೆ ಏನರ್ಥ?

ರಾತ್ರಿ ಕೂತು ಓದಿದೆ. ಅಕ್ಕಿಯ ಪಿಷ್ಟದಲ್ಲಿ ಎರಡು ಬಗೆ. ಅಮೈಲೋಸ್ ನೇರ ಎಳೆ, ಅಮೈಲೋಪೆಕ್ಟಿನ್ ಮರದ ಹಾಗೆ ಕೊಂಬೆ ಕೊಂಬೆಯಾಗಿ ಒಡೆದದ್ದು. ನಾವು ಉಣ್ಣುವ ಉದುರುದುರು ಅಕ್ಕಿಗಳಲ್ಲಿ ಅಮೈಲೋಸ್ ಸಾಕಷ್ಟು ಇರುತ್ತದೆ. ಅನ್ನ ತಣಿದಾಗ ಆ ನೇರ ಎಳೆಗಳು ಬೇಗ ಸಾಲುಗಟ್ಟಿ ಬಿಗಿಯುತ್ತವೆ. ಬೆಳಗಿನ ಅಕ್ಕಿರೊಟ್ಟಿ ಸಂಜೆಗೆ ಹಲಗೆಯಾಗುವುದು ಅದಕ್ಕೇ. ಬೊರಾದಂಥ ಅಂಟಕ್ಕಿಯಲ್ಲಿ ಹೆಚ್ಚುಕಡಿಮೆ ಪೂರ್ತಿ ಅಮೈಲೋಪೆಕ್ಟಿನ್. ಬೆಂದಾಗ ನೀರು ಹಿಡಿದುಕೊಂಡು ಜಿಗುಟಾಗುತ್ತದೆ, ಎಳೆದರೆ ಬಗ್ಗುತ್ತದೆ. ಗೋಧಿಯಲ್ಲಿ ಗ್ಲುಟೆನ್ ಮಾಡುವ ಕೆಲಸದ ಒಂದು ಪಾಲನ್ನು ಇಲ್ಲಿ ಪಿಷ್ಟವೇ ಮಾಡಿಬಿಡುತ್ತದೆ.

ಹೆಸರಿನ ಗೊಂದಲ ಮಾತ್ರ ವಿಪರೀತ. ಪೊಟ್ಟಣದ ಮೇಲೆ 'ಗ್ಲುಟಿನಸ್ ರೈಸ್ ಫ್ಲೋರ್' ಅಂತ ಬರೆದಿರುತ್ತದೆ. ಅದನ್ನು ನೋಡಿ ನನ್ನ ಹೆಂಡತಿ ಕಪಾಟಿನ ಮೇಲಿನ ತಟ್ಟಿಗೆ, ಮಗಳ ಕೈಗೆಟುಕದ ಜಾಗಕ್ಕೆ, ಎತ್ತಿಟ್ಟಿದ್ದಳು. ಲ್ಯಾಟಿನ್‌ನಲ್ಲಿ ಗ್ಲುಟೆನ್ ಅಂದರೆ ಅಂಟು ಅಷ್ಟೆ; ಈ ಅಕ್ಕಿ ಅಂಟುತ್ತದೆ, ಆದರೆ ಇದರಲ್ಲಿ ಆ ಗ್ಲುಟೆನ್ ಇಲ್ಲ. ಇನ್ನೊಂದು ಹೆಸರು 'ಸ್ವೀಟ್ ರೈಸ್'. ಸಿಹಿಯೂ ಇಲ್ಲ. ನಾನು ನಂಬಿ ಮೊದಲ ಸಲ ಸಕ್ಕರೆ ಕಡಿಮೆ ಹಾಕಿ ಪೆಚ್ಚಾದೆ. ಜಪಾನಿನವರು ಇದೇ ಜಾತಿಯ ಅಕ್ಕಿಯ ಹಿಟ್ಟಿಗೆ ಮೋಚಿಕೊ ಅನ್ನುತ್ತಾರೆ. ಮೋಚಿ ಉಂಡೆಗಳನ್ನು ವಾಫಲ್ ಅಚ್ಚಿನಲ್ಲಿ ಒತ್ತಿ ಮಾಡುವ ತಿನಿಸಿಗೆ ಅವರಲ್ಲಿ ಮೊಫಲ್ ಅಂತ ಹೆಸರೂ ಇದೆ. ನಾನೇನೂ ಹೊಸದನ್ನು ಕಂಡುಹಿಡಿದಿಲ್ಲ ಅಂತ ಅವತ್ತೇ ಗೊತ್ತಾಯಿತು.

ಈಗ ಅಳತೆ. 200 ಗ್ರಾಂ ಅಂಟಕ್ಕಿ ಹಿಟ್ಟು, ಒಂದು ಟೀಚಮಚ ಬೇಕಿಂಗ್ ಪೌಡರ್, ಎರಡು ದೊಡ್ಡ ಚಮಚ ಸಕ್ಕರೆ, ಚಿಟಿಕೆ ಉಪ್ಪು. ಇನ್ನೊಂದು ಪಾತ್ರೆಯಲ್ಲಿ ಎರಡು ಮೊಟ್ಟೆ, 150 ಮಿಲಿ ಹಾಲು, 40 ಗ್ರಾಂ ಕರಗಿಸಿದ ಬೆಣ್ಣೆ. ಎರಡನ್ನೂ ಸೇರಿಸಿ ಗಂಟಿಲ್ಲದ ಹಾಗೆ ಕಲಸಿ. ದೋಸೆ ಹಿಟ್ಟಿನ ಹದ ಇರಬೇಕು. ಮೈದಾ ಹಿಟ್ಟನ್ನು ಜಾಸ್ತಿ ತಿರುವಿದರೆ ಗ್ಲುಟೆನ್ ಬಲಿತು ವಾಫಲ್ ಗಟ್ಟಿಯಾಗುತ್ತದೆ ಅಂತ ಹೆದರಿಸುತ್ತಾರಲ್ಲ, ಇಲ್ಲಿ ಬಲಿಯುವುದಕ್ಕೆ ಅದೇ ಇಲ್ಲ. ಮಕ್ಕಳ ಕೈಗೆ ಸೌಟು ಕೊಟ್ಟು ನಿಶ್ಚಿಂತೆಯಿಂದ ಇರಬಹುದು. ಹತ್ತು ನಿಮಿಷ ನೆನೆಯಲಿ. ಹೊರಗೆ ಇನ್ನಷ್ಟು ಗರಿಗರಿ ಬೇಕಾದರೆ ಹಿಟ್ಟಿನಲ್ಲಿ 50 ಗ್ರಾಂ ಕಡಿಮೆ ಮಾಡಿ ಆ ಜಾಗಕ್ಕೆ ಮಾಮೂಲಿ ಅಕ್ಕಿಹಿಟ್ಟು ಹಾಕಿ.

ತಾಳ್ಮೆ ಬೇಕಾಗುವುದು ಅಚ್ಚಿನಲ್ಲಿ. ಚೆನ್ನಾಗಿ ಕಾದ ಮೇಲೆ ಎಣ್ಣೆ ಸವರಿ ಹುಯ್ಯಬೇಕು, ಮುಚ್ಚಿದ ಮೇಲೆ ಆರೇಳು ನಿಮಿಷ ಮುಟ್ಟಬಾರದು. ಮೆಷಿನ್ನಿನ ಹಸಿರು ದೀಪ ಮೈದಾ ಲೆಕ್ಕದಲ್ಲಿ ಉರಿಯುತ್ತದೆ, ಅದನ್ನು ನಂಬಿ ತೆರೆದರೆ ವಾಫಲ್ ಎರಡು ಹೋಳಾಗಿ ಮೇಲರ್ಧ ಮೇಲೆ, ಕೆಳಗರ್ಧ ಕೆಳಗೆ ಅಂಟಿರುತ್ತದೆ. ಆಮೇಲೆ ಕೆರೆಯುತ್ತಾ ಕೂರಬೇಕು. ಆವಿ ಬರುವುದು ನಿಂತ ಮೇಲೆ ತೆರೆಯಿರಿ. ತಟ್ಟೆಗೆ ಹಾಕಿದರೆ ತಳ ಬೆವರುತ್ತದೆ, ಜಾಲರಿಯ ಮೇಲಿಡಿ.

ಅಮ್ಮ ಮೊಟ್ಟೆ ತಿನ್ನುವುದಿಲ್ಲ. ಅವಳು ಬಂದಾಗ ಮೊಟ್ಟೆ, ಹಾಲು ಎರಡೂ ಬಿಟ್ಟು ಎರಡು ಏಲಕ್ಕಿ ಬಾಳೆಹಣ್ಣು ಕಿವುಚಿ, ಹದಕ್ಕೆ ಬೇಕಾದಷ್ಟು ತೆಂಗಿನಹಾಲು ಹಾಕಿದೆ. ಸ್ವಲ್ಪ ಭಾರ ಬರುತ್ತದೆ, ರುಚಿ ಒಳ್ಳೆಯದೇ. ಬೆಲ್ಲ ಹಾಕಬೇಡಿ, ಹಾಕಿ ಸುಟ್ಟುಕೊಂಡಿದ್ದೇನೆ. ಮೇಲೆ ಜೋನಿಬೆಲ್ಲ ಸುರಿದುಕೊಳ್ಳಿ. ಅಮ್ಮ ಒಂದು ತುಂಡು ಮುರಿದು ನಿಧಾನ ಜಗಿದು, "ಹೊರಗೆ ಹಪ್ಪಳ, ಒಳಗೆ ಹಾಲುಬಾಯಿ, ಇದೇನು ಮಾರಾಯ!" ಅಂದಳು. ಇಂಗ್ಲಿಷಿನ 'ಚೂಯಿ' ಅನ್ನುವುದಕ್ಕೆ ಕನ್ನಡದಲ್ಲಿ ಏನನ್ನಬೇಕು ಅಂತ ಎರಡು ವಾರದಿಂದ ತಲೆ ಕೆರೆದುಕೊಳ್ಳುತ್ತಿದ್ದೆ.

ಹಿಟ್ಟಿನ ವಿಷಯ ಒಂದು ಮಾತು. ಥಾಯ್ಲೆಂಡಿನ ಪೊಟ್ಟಣ ದೊಡ್ಡ ಊರುಗಳಲ್ಲಿ ಆನ್‌ಲೈನಿನಲ್ಲಿ ಸಿಗುತ್ತದೆ. ಅದೇ ಕಂಪನಿಯ ಬರೀ ಅಕ್ಕಿಹಿಟ್ಟೂ ಪಕ್ಕದಲ್ಲೇ ಇರುತ್ತದೆ, ಹೆಸರು ಎರಡು ಸಲ ಓದಿ. ಈಶಾನ್ಯದವರ ಅಂಗಡಿ ಹತ್ತಿರದಲ್ಲಿದ್ದರೆ ಬೊರಾ ಅಕ್ಕಿ ಕೇಳಿ ನೋಡಿ. ಮಣಿಪುರದ ಕಪ್ಪು ಚಾಕ್-ಹಾವೊ ಕೂಡ ಅಂಟಕ್ಕಿಯೇ, 2020ರಲ್ಲಿ ಜಿಐ ಟ್ಯಾಗ್ ಪಡೆದದ್ದು. ಅದರ ಹಿಟ್ಟು ಸ್ವಲ್ಪ ಬೆರೆಸಿದರೆ ವಾಫಲ್ ನೇರಳೆ ಬಣ್ಣಕ್ಕೆ ತಿರುಗುತ್ತದೆ, ಮಕ್ಕಳಿಗೆ ಹಬ್ಬ. ಆದರೆ ಅಕ್ಕಿಯನ್ನು ಗಿರಣಿಗೆ ಕೊಡಬೇಡಿ. ಅದೇ ಕಲ್ಲಿನಲ್ಲಿ ಮುಂಚಿನವರ ಗೋಧಿ ಬೀಸಿರುತ್ತಾರೆ. ನಾನು ತೊಳೆದು, ನೆನೆಸಿ, ಬಟ್ಟೆಯ ಮೇಲೆ ನೆರಳಿನಲ್ಲಿ ಆರಿಸಿ, ಮನೆಯ ಮಿಕ್ಸಿಯಲ್ಲೇ ಪುಡಿ ಮಾಡಿ ಜರಡಿ ಹಿಡಿಯುತ್ತೇನೆ. ಆ ಹಿಟ್ಟಿನಲ್ಲಿ ತೇವ ಇರುತ್ತದೆ, ಹಾಲು ಕಡಿಮೆ ಸಾಕು.

ಇಷ್ಟೆಲ್ಲ ಬುದ್ಧಿ ಹೇಳುವವನು ಮಾಡಿದ ತಪ್ಪನ್ನೂ ಹೇಳಬೇಕು. ನಮ್ಮ ಮೊದಲ ವಾಫಲ್ ಮೇಕರ್ ಭಾಮೈದ ಅಮೆರಿಕಕ್ಕೆ ಹೋಗುವಾಗ ಬಿಟ್ಟುಹೋದದ್ದು. ಎರಡು ವರ್ಷ ಅದರಲ್ಲಿ ಮೈದಾ ವಾಫಲ್ ಮಾಡಿದ್ದ. ಮೂರು ಸಲ ತಿಕ್ಕಿ ತೊಳೆದೆ, ಕಣ್ಣಿಗೆ ಫಳಫಳ ಅನ್ನುತ್ತಿತ್ತು. ಕೌಂಟರಿನ ಹುಡುಗನ ಅಚ್ಚಿನಲ್ಲಿ ಕಂಡದ್ದು ನನ್ನ ಮನೆಯ ಅಚ್ಚಿನಲ್ಲಿ ಕಾಣಲಿಲ್ಲ. ಬೊರಾ ಹಿಟ್ಟಿನ ಮೊದಲ ವಾಫಲ್ ಸರಿಯಾಗಿ ಬಂದ ಶನಿವಾರ ಮಗಳು ಮೂರು ತಿಂದಳು. ರಾತ್ರಿಯೆಲ್ಲ ವಾಂತಿ, ಹೊಟ್ಟೆನೋವು. ಬೆಳಿಗ್ಗೆ ನಾನು ಮೊದಲು ಬೈದದ್ದು ಅಕ್ಕಿಯನ್ನು. ವೈದ್ಯರು ಫೋನಿನಲ್ಲಿ ಕೇಳಿದ ಮೊದಲ ಪ್ರಶ್ನೆ, ಮೆಷಿನ್ ಹೊಸದಾ ಅಂತ. ಗೀರು ಬಿದ್ದ ಕೋಟಿಂಗ್, ಅಂಚಿನ ಸಂದು, ಹಿಂಜಿನ ಹತ್ತಿರದ ಹಳೇ ಜಿಡ್ಡು, ಇವನ್ನೆಲ್ಲ ತೊಳೆದು ತೆಗೆಯಲಾಗುವುದಿಲ್ಲ ಅಂದರು. ಮಂಚದ ಮೇಲೆ ಮುದುಡಿ ಮಲಗಿದ್ದವಳು, "ಇನ್ನು ವಾಫಲ್ ಮಾಡಬೇಡ ಅಪ್ಪಾ, ಪರವಾಗಿಲ್ಲ" ಅಂದಳು.

ಹೊಸದು ತಂದು ಅದರ ಮೇಲೆ ಮಾರ್ಕರಿನಲ್ಲಿ ಅವಳ ಹೆಸರು ಬರೆದಿಡುವುದಕ್ಕೆ ಎರಡು ದಿನ ಸಾಕಾಯಿತು. ಅವಳು ಮತ್ತೆ ಬಾಯಿಗಿಡುವುದಕ್ಕೆ ಒಂದೂವರೆ ತಿಂಗಳು ಹಿಡಿಯಿತು. ಅಲ್ಲಿಯವರೆಗೆ ನಾನೂ ಒತ್ತಾಯ ಮಾಡಲಿಲ್ಲ. ಉಳಿದ ವಾಫಲ್‌ಗಳನ್ನು ಫ್ರಿಜ್ಜಿನಲ್ಲಿಟ್ಟರೆ ಕಲ್ಲಾಗುತ್ತವೆ ಅಂತ ಕಲಿತದ್ದು ಆಗಲೇ, ತಿನ್ನುವವರಿಲ್ಲದೆ ಉಳಿಯುತ್ತಿದ್ದವಲ್ಲ. ಆರಿದ ಕೂಡಲೇ ಫ್ರೀಜರ್‌ಗೆ ಹಾಕಿ, ಬೇಕಾದಾಗ ಟೋಸ್ಟರಿನಲ್ಲಿ ಬಿಸಿ ಮಾಡಿದರೆ ಜೀವ ಬರುತ್ತದೆ. ಟೋಸ್ಟರೂ ಅವಳದೇ, ಬೇರೆಯವರ ಬ್ರೆಡ್ಡಿಗಲ್ಲ.

ಹೋದ ತಿಂಗಳು ಅವಳ ಹುಟ್ಟುಹಬ್ಬ. ಈ ಸಲ ಹಾಲ್ ಬೇಡ, ಮನೆಯಲ್ಲೇ, ವಾಫಲ್ ಕೌಂಟರ್ ಇಡೋಣ ಅಂತ ಹೇಳಿದವಳು ಅವಳೇ. ಆರು ಜನ ಮಕ್ಕಳು ಬಂದರು. ನಾನು ಹುಯ್ದೆ, ಅವಳು ಗಡಿಯಾರ ಹಿಡಿದು ಆರು ನಿಮಿಷ ಎಣಿಸಿದಳು. ಹಿಟ್ಟು ಯಾವುದು ಅಂತ ಯಾರೂ ಕೇಳಲಿಲ್ಲ. ಮೂರನೇ ಮಹಡಿಯ ಹುಡುಗ ಎರಡನೇ ಸಲ ತಟ್ಟೆ ಹಿಡಿದು ಬಂದ, ಜೊತೆಗೆ ತನ್ನ ಮನೆಯಿಂದ ತಂದ ಚಾಕೊಲೇಟ್ ಸಾಸಿನ ಬಾಟಲಿ. ಮಗಳು ಅದನ್ನು ಇಸಿದುಕೊಂಡು ತಿರುಗಿಸಿ, ಸಣ್ಣ ಅಕ್ಷರಗಳ ಮೇಲೆ ಬೆರಳಿಟ್ಟು ಒಂದೊಂದಾಗಿ ಓದಿದಳು. ಅವನು ಕಾಯುತ್ತಾ ನಿಂತಿದ್ದ. "ಇದು ನಡೆಯತ್ತೆ" ಅಂತ ಹೇಳಿ ಮೊದಲು ತನ್ನ ತಟ್ಟೆಗೆ ಸುರಿದುಕೊಂಡಳು.

ಆವತ್ತು ಹಿಟ್ಟಿನ ಡಬ್ಬಿ ಬರಿದಾಯಿತು. ಜೋರ್ಹಾಟಿನ ಹುಡುಗ ಮುಂದಿನ ವಾರ ರಜೆ ಹಾಕಿ ಊರಿಗೆ ಹೊರಟಿದ್ದಾನೆ. ಐದು ಕೆ.ಜಿ. ಹೇಳಿದ್ದೇನೆ.