ಪೆನ್‌ಡ್ರೈವಿನ ಹಾಡಿಗೂ ದುಡ್ಡು ಕೊಡಿ

ಕೊಚ್ಚಿಯ ಹೋಟೆಲುಗಳಲ್ಲಿ, ತಿರುವನಂತಪುರದ ಕೋವಳಂ ಕಡಲತೀರದಲ್ಲಿ ವಾರಾಂತ್ಯಕ್ಕೆ ಹೌಸ್ ಸಂಗೀತ ಹಾಕುವ ಡಿಜೆ ಗೆಳೆಯರೇ, ಇನ್ಫೋಪಾರ್ಕ್, ಟೆಕ್ನೋಪಾರ್ಕ್‌ಗಳಲ್ಲಿ ದುಡಿದು ಶನಿವಾರ ಕುಣಿಯಲು ಹೋಗುವ ಕನ್ನಡದ ಹುಡುಗ ಹುಡುಗಿಯರೇ, ನಿಮ್ಮಲ್ಲಿ ಒಂದು ಕೋರಿಕೆ. ಹೊಸ ಟ್ರ್ಯಾಕ್ ಇಷ್ಟವಾದರೆ ಕೊಂಡುಕೊಳ್ಳಿ, ಕೊಂಡದ್ದನ್ನೇ ಹಾಕಿ.

ಡಿಜೆ ಮುಂದಿನ ಪರದೆಯನ್ನು ಒಮ್ಮೆ ಬಗ್ಗಿ ನೋಡಿ. ಎಷ್ಟೋ ಸಲ ಹಾಡಿನ ಹೆಸರಿನ ಬಾಲಕ್ಕೆ ಯಾವುದೋ ಪುಕ್ಕಟೆ ಡೌನ್‌ಲೋಡ್ ತಾಣದ ಹೆಸರು ಅಂಟಿಕೊಂಡಿರುತ್ತದೆ. ಕಲಾವಿದರ ಹೆಸರಿರಬೇಕಾದ ಜಾಗ ಖಾಲಿ. ಯೂಟ್ಯೂಬಿನಿಂದ ಇಳಿಸಿಕೊಂಡದ್ದು ಇಯರ್‌ಫೋನಿನಲ್ಲಿ ಪರವಾಗಿಲ್ಲ ಅನ್ನಿಸುತ್ತದೆ; ದೊಡ್ಡ ಸ್ಪೀಕರಿಗೆ ಹಾಕಿದರೆ ಹೈ-ಹ್ಯಾಟ್ ಮಂಕು, ಬೇಸ್ ಕಲಸುಮೇಲೋಗರ. ಕುಣಿಯುವವರು ಕಾರಣ ತಿಳಿಯದೆಯೇ ಬಾರ್ ಕಡೆ ಸರಿಯುತ್ತಾರೆ.

ಕಲಾವಿದರಿಗೆ ದುಡ್ಡು ತಲುಪದ ಈ ರೋಗ ಹೌಸ್ ಸಂಗೀತಕ್ಕೆ ಹುಟ್ಟಿನಿಂದಲೇ ಅಂಟಿದ್ದು. ಶಿಕಾಗೊದ ಲ್ಯಾರಿ ಹರ್ಡ್ ‘ಮಿಸ್ಟರ್ ಫಿಂಗರ್ಸ್’ ಹೆಸರಿನಲ್ಲಿ ಮಾಡಿದ ‘ಕ್ಯಾನ್ ಯು ಫೀಲ್ ಇಟ್’ 1986ರಲ್ಲಿ ಟ್ರ್ಯಾಕ್ಸ್ ರೆಕಾರ್ಡ್ಸ್‌ನಿಂದ ಹೊರಬಂತು. ಜಗತ್ತಿನ ಕ್ಲಬ್ಬುಗಳೆಲ್ಲ ಅದಕ್ಕೆ ಕುಣಿದವು. ರಾಯಲ್ಟಿ ಬಂದಿಲ್ಲವೆಂದು ಹರ್ಡ್ ಗಾಯಕ ರಾಬರ್ಟ್ ಓವೆನ್ಸ್ ಜೊತೆ ಟ್ರ್ಯಾಕ್ಸ್ ಮೇಲೆ ಮೊಕದ್ದಮೆ ಹೂಡಿದ್ದು 2020ರಲ್ಲಿ. 2022ರಲ್ಲಿ ರಾಜಿಯಾಗಿ ಹಾಡುಗಳ ಹಕ್ಕು ಕೈಗೆ ಬರುವಷ್ಟರಲ್ಲಿ ಮೂವತ್ತಾರು ವರ್ಷ ಕಳೆದಿತ್ತು.

ನಮ್ಮ ಕಥೆ ಬೇರೆಯೇನಲ್ಲ. ಮುಂಬೈಯ ಸಿನಿಮಾ ವಾದ್ಯಗಾರ ಚರಣಜಿತ್ ಸಿಂಗ್ 1982ರಲ್ಲಿ ರೋಲ್ಯಾಂಡ್ ಕಂಪನಿಯ ಟಿಬಿ-303, ಟಿಆರ್-808 ಯಂತ್ರಗಳಲ್ಲಿ ಹಿಂದೂಸ್ತಾನಿ ರಾಗಗಳನ್ನು ಡಿಸ್ಕೋ ಲಯಕ್ಕೆ ಕೂಡಿಸಿ ಒಂದು ರೆಕಾರ್ಡ್ ತಂದರು. ಅದೇ ಯಂತ್ರಗಳು ಮುಂದೆ ಶಿಕಾಗೊದಲ್ಲಿ ಆ್ಯಸಿಡ್ ಹೌಸ್‌ಗೆ ಆಧಾರವಾದವು. ಇಲ್ಲಿ ಆ ರೆಕಾರ್ಡನ್ನು ಕೇಳುವವರೇ ಇರಲಿಲ್ಲ. 2010ರಲ್ಲಿ ನೆದರ್ಲೆಂಡ್ಸ್‌ನವರು ಮರುಮುದ್ರಿಸಿದ ಮೇಲೆ, ಎಪ್ಪತ್ತರ ಹರೆಯದಲ್ಲಿ ಸಿಂಗ್ ಅವರಿಗೆ ವಿದೇಶದ ವೇದಿಕೆಗಳು ಸಿಕ್ಕವು. 2015ರಲ್ಲಿ ತೀರಿಕೊಂಡರು. ನಮ್ಮವರನ್ನು ಗುರುತಿಸಲು ನಮಗೆ ಪರದೇಶದವರೇ ಬೇಕಾಯಿತಲ್ಲ!

ಖರ್ಚು ಜಾಸ್ತಿ ಅನ್ನುತ್ತೀರಾ? ಬೀಟ್‌ಪೋರ್ಟ್‌ನಲ್ಲಿ ಒಂದು ಟ್ರ್ಯಾಕಿಗೆ ಒಂದೂವರೆ, ಎರಡು ಡಾಲರ್. ನೂರೈವತ್ತು ರೂಪಾಯಿ ಆಸುಪಾಸು. ಒಂದು ಗಂಟೆಗೆ ಹನ್ನೆರಡು, ಹದಿನೈದು ಟ್ರ್ಯಾಕ್ ಸಾಕು, ಕೊಂಡದ್ದನ್ನು ವರ್ಷಗಟ್ಟಲೆ ಹಾಕಬಹುದು. ಬ್ಯಾಂಡ್‌ಕ್ಯಾಂಪ್‌ನಲ್ಲಿ ಕೊಂಡರೆ ಡಿಜಿಟಲ್ ಮಾರಾಟದಲ್ಲಿ ಕಂಪನಿ ಸಾಮಾನ್ಯವಾಗಿ ಹಿಡಿದುಕೊಳ್ಳುವುದು ಶೇ. 15, ಪಾವತಿ ಶುಲ್ಕ ಕಳೆದು ಉಳಿದದ್ದು ಕಲಾವಿದರಿಗೆ ಅಥವಾ ಅವರ ಲೇಬಲ್‌ಗೆ. ಕಾರ್ಡ್ ತಿರಸ್ಕಾರವಾದರೆ ಅಲ್ಲಿಗೇ ಕೈಬಿಡಬೇಡಿ. ರಿಸರ್ವ್ ಬ್ಯಾಂಕ್ 2020ರಲ್ಲಿ ತಂದ ನಿಯಮದಿಂದ ಹೊಸ ಕಾರ್ಡುಗಳಲ್ಲಿ ವಿದೇಶಿ ವ್ಯವಹಾರ ಮೊದಲಿಗೆ ಬಂದ್ ಇರುತ್ತದೆ, ಬ್ಯಾಂಕ್ ಆ್ಯಪ್‌ನಲ್ಲಿ ಅದನ್ನು ನೀವೇ ತೆರೆಯಬೇಕು.

ಟ್ರ್ಯಾಕ್ ತಯಾರಿಸುವವರಿಗೂ ಒಂದು ಮಾತು. ಪೂರಂ ಮೇಳದ ಚೆಂಡೆಯನ್ನೋ ಯಕ್ಷಗಾನದ ಚೆಂಡೆಯನ್ನೋ ಕತ್ತರಿಸಿ ಕಿಕ್ ಡ್ರಮ್ಮಿನ ಮೇಲೆ ಕೂರಿಸುವುದು ಸುಲಭ, ಕೇಳಲೂ ಚಂದ. ಬಾರಿಸಿದವರು ಯಾರು? ಅವರ ಒಪ್ಪಿಗೆ ಕೇಳಿ, ಹೆಸರು ಹಾಕಿ, ಸಂಭಾವನೆ ಕೊಡಿ. ಲ್ಯಾರಿ ಹರ್ಡ್‌ಗೆ ಅನ್ಯಾಯವಾಯಿತೆಂದು ಮರುಗುವವರು ಕಾಸರಗೋಡಿನ ಚೆಂಡೆಗಾರನಿಗೆ ಅದನ್ನೇ ಮಾಡಬಾರದು.

ಹೋಟೆಲಿನವರೇ, ಡಿಜೆ ಟ್ರ್ಯಾಕ್ ಕೊಂಡ ಮಾತ್ರಕ್ಕೆ ಅದನ್ನು ಸಾರ್ವಜನಿಕವಾಗಿ ಕೇಳಿಸುವ ಹಕ್ಕು ಬರುವುದಿಲ್ಲ. ಆ ಲೈಸೆನ್ಸ್ ನಿಮ್ಮ ಹೊಣೆ. ಸಂಗೀತ ಸಂಯೋಜಕರ, ಗೀತಕಾರರ ಪಾಲನ್ನು ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿ (ಐಪಿಆರ್‌ಎಸ್) 1969ರಿಂದ ನೋಡಿಕೊಳ್ಳುತ್ತಿದೆ. 2012ರ ಕೃತಿಸ್ವಾಮ್ಯ ತಿದ್ದುಪಡಿ ಆ ಪಾಲನ್ನು ನಿರ್ಮಾಪಕರಿಗೆ ಬರೆದುಕೊಡದಂತೆ ಕಾಪಾಡಿದೆ. ಆದರೆ ಯಾವ ಹಾಡು ಹಾಕಿದರೆಂದು ತಿಳಿಸದೆ ಬರೀ ದುಡ್ಡು ಕಟ್ಟಿದರೆ ಅದು ಸರಿಯಾದ ಮನೆ ಸೇರುವುದು ಹೇಗೆ? ಡಿಜೆಗಳ ರೆಕಾರ್ಡ್‌ಬಾಕ್ಸ್‌ನಂಥ ಸಾಫ್ಟ್‌ವೇರಿನಲ್ಲಿ ಹಾಕಿದ ಹಾಡುಗಳ ಪಟ್ಟಿ ತಾನಾಗಿ ಉಳಿದಿರುತ್ತದೆ. ಸೆಟ್ ಮುಗಿದೊಡನೆ ಅದನ್ನು ಕೇಳಿ ತೆಗೆದುಕೊಳ್ಳಿ.

ಕುಣಿಯುವವರು ಮಾಡಬೇಕಾದದ್ದು ಕಡಿಮೆ. ನಡುವೆ ಹೋಗಿ ಸಿನಿಮಾ ಹಾಡು ಹಾಕಿ ಎಂದು ಪೀಡಿಸಬೇಡಿ. ಸೆಟ್ ಮುಗಿದ ಮೇಲೆ ಹೋಗಿ, ನಿಮಗೆ ಹಿಡಿಸಿದ ಆ ಟ್ರ್ಯಾಕ್ ಯಾರದ್ದು ಎಂದು ಕೇಳಿ. ನಾಲ್ಕು ಜನ ಕೇಳಲು ಶುರುಮಾಡಿದರೆ ಹೆಸರಿಲ್ಲದ ಫೈಲ್ ಹಾಕಲು ಯಾವ ಡಿಜೆಗಾದರೂ ಮುಜುಗರವಾಗುತ್ತದೆ.